ಬೀಸುಕಲ್ಲಿನ ಗಾಲಿ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಒಲೆಯ ಕಡೆಗೆ. ಈಗ ಗ್ಯಾಸಿನ ಕಟ್ಟೆ ಅನ್ನಿ. ಅದು ಮೊದಲಿನಿಂದ ಅಲ್ಲೇ ಇದೆಯೋ, ನಡುವೆ ಯಾರಾದರೂ ಸರಿಸಿದ್ದಾರೋ, ಸರಿಸಿದ್ದರೆ ಯಾಕೆ, ಇಷ್ಟು ತಿಳಿದ ಮೇಲೆಯೇ ನನಗೆ ಚಹಾ ಗಂಟಲಲ್ಲಿ ಇಳಿಯುವುದು. ವ್ಯವಹಾರಕ್ಕೆ ಹೋದಾಗಲೂ ಅಷ್ಟೇ. ಹಳೆಯ ಯಂತ್ರ ಕೊಳ್ಳಲು ಹೋದರೆ ಮಾರುವವನ ಮಾತಿಗೆ ಕಿವಿ ಕೊಡಬೇಡಿ; ಅವನು ಆ ಯಂತ್ರದ ಹತ್ತಿರ ನಿಂತು ಮಾತಾಡುತ್ತಾನೋ, ದೂರ ನಿಂತು ಮಾತಾಡುತ್ತಾನೋ ಅದನ್ನು ನೋಡಿ. ಅವನ ಮಕ್ಕಳು ಎಲ್ಲಿ ಆಡುತ್ತಿದ್ದಾರೆ ನೋಡಿ. ಈ ಬುದ್ಧಿಯನ್ನು ನನಗೆ ಯಾವ ಪೇಟೆಯೂ ಕಲಿಸಲಿಲ್ಲ. ಬೈಲಹೊಂಗಲದ ನಮ್ಮ ಮಣ್ಣಿನ ಮನೆಯಲ್ಲಿ, ನಾನು ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಆಯಿ ಒಂದೊಂದೇ ಸಾಮಾನನ್ನು ಜಾಗದಿಂದ ಸರಿಸುತ್ತ ಹೋದಾಗ ಕಲಿತದ್ದು. ಆಯಿ ಅಂದರೆ ನನ್ನ ಅಪ್ಪನ ತಾಯಿ.

ಆ ಮನೆ ನಿಮ್ಮ ಕಣ್ಣಿಗೆ ಕಟ್ಟಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೀದಿಗೆ ಒಂದು ಕಟ್ಟೆ. ಅದನ್ನು ದಾಟಿದರೆ ಉದ್ದನೆಯ ಪಡಸಾಲೆ. ಪಡಸಾಲೆಯ ಒಂದು ತುದಿಯಲ್ಲಿ ಆಕಳು, ಇನ್ನೊಂದು ತುದಿಯಲ್ಲಿ ಅಪ್ಪನ ಬಡಿಗತನದ ಸಾಮಾನು, ನಡುವೆ ತೊಲೆಗೆ ಕಟ್ಟಿದ ತಮ್ಮನ ತೊಟ್ಟಿಲು. ಪಡಸಾಲೆಯ ಹಿಂದೆ ಮಣ್ಣಿನ ಗೋಡೆ, ಆ ಗೋಡೆಗೆ ಬೆನ್ನು ಹಚ್ಚಿ ಅಡುಗೆ ಮನೆಯ ಒಲೆ. ಅಂದರೆ ಅಪ್ಪ ಈಚೆ ಉಳಿ ಹೊಡೆದರೆ ಆಚೆ ಅವ್ವನ ರೊಟ್ಟಿ ತಟ್ಟುವ ಸಪ್ಪಳ ಅದಕ್ಕೆ ಜೊತೆಗೂಡುತ್ತಿತ್ತು. ಬೆಳಗಿನ ಊಟಕ್ಕೆ ಗುರೆಳ್ಳ ಚಟ್ನಿ, ಪುಂಡಿಪಲ್ಯ, ಬಿಸಿ ರೊಟ್ಟಿ. ಅವ್ವ ಒಲೆಯ ಮುಂದಿನಿಂದ ಏಳದೆ ಗೋಡೆಯಲ್ಲಿ ಆರಪಾರ ಬಿಟ್ಟಿದ್ದ ಗೂಡಿನೊಳಗಿಂದ ಕೈ ಚಾಚಿ ಅಪ್ಪನಿಗೆ ರೊಟ್ಟಿ ಕೊಡುತ್ತಿದ್ದಳು. ನನ್ನ ಪಾಲಿಗೆ ಸುಖ ಅನ್ನುವುದು ಆ ಗೂಡಿನಿಂದ ಬರುವ ಕೈ.

ಆ ಮನೆಯಲ್ಲಿ ಒಂದು ನಿಯಮವಿತ್ತು. ಕೆಟ್ಟದ್ದನ್ನು ಬಾಯಿಂದ ಆಡಬಾರದು. ಬಳೆ ಒಡೆದರೆ ‘ಹೆಚ್ಚಿದುವು’ ಅನ್ನಬೇಕು. ದೀಪ ಆರಿಸು ಅನ್ನಬಾರದು, ‘ದೊಡ್ಡದ ಮಾಡು’ ಅನ್ನಬೇಕು. ಜೋಳ ತೀರಿದರೆ ತೀರಿತು ಅನ್ನುವ ಹಾಗಿಲ್ಲ. ಇಂಥದ್ದು ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ಆಯಿ ಇದನ್ನು ಅಲ್ಲಿಗೇ ಬಿಟ್ಟವಳಲ್ಲ. ಹೊಸ ಕೆಲಸಕ್ಕೆ ಅರಿಶಿನ ಕುಂಕುಮ ಬಿದ್ದ ಮೇಲೆ ಅದರ ಬಗ್ಗೆ ಒಂದೂ ಹುಳುಕಿನ ಮಾತು ಹೊರಡಬಾರದು. ಆಡಿದರೆ ಆಡಿದ್ದು ಆಗಿಬಿಡುತ್ತದೆ ಎಂದು ಆಕೆ ಮನಸಾರೆ ನಂಬಿದ್ದಳು. ಆಕೆಯ ಗಂಡ, ಅಂದರೆ ನನ್ನ ಅಜ್ಜ, ಬಾವಿ ತೋಡಿಸುವಾಗ ಆಕೆ ‘ದಂಡಿ ಸಡಲ ಐತಿ’ ಅಂದಿದ್ದಳಂತೆ. ಸಂಜೆಗೆ ದಂಡೆ ಕುಸಿಯಿತು. ದಂಡೆ ಸಡಿಲವಿದ್ದದ್ದಕ್ಕೆ ಕುಸಿಯಿತು ಎಂದು ನೀವು ನಾನು ಅನ್ನುತ್ತೇವೆ. ತಾನು ಅಂದದ್ದಕ್ಕೆ ಕುಸಿಯಿತು ಎಂದು ಆಕೆ ಜೀವಮಾನವೆಲ್ಲ ತಿಳಿದಿದ್ದಳು.

ಅವ್ವ ಮನೆಯಲ್ಲಿ ಈ ನಿಯಮ ಪಾಲಿಸುತ್ತಿದ್ದಳು. ಸಂತೆಯಲ್ಲಿ ಮಾತ್ರ ಅವಳ ನಾಲಿಗೆಗೆ ಹಬ್ಬ. ಅವಳ ಹಾಗೆ ಚೌಕಾಸಿ ಮಾಡುವವರನ್ನು ನಾನು ಕಂಡಿಲ್ಲ, ಈಗ ನನ್ನನ್ನು ಬಿಟ್ಟರೆ. ಗಡಿಗೆ ಕೊಳ್ಳುವಾಗ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗಣ್ಣಿನಿಂದ ಒಮ್ಮೆ ಬಡಿಯುತ್ತಿದ್ದಳು. ಗಟ್ಟಿ ಗಡಿಗೆ ಕಂಚಿನ ಹಾಗೆ ‘ಣಂಗ್’ ಅನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ‘ದಬ್’ ಅನ್ನುತ್ತದೆ.

“ಕೇಳಿದೇನಪಾ? ಇದರ ಹೊಟ್ಟ್ಯಾಗ ಸೀಳ ಐತಿ.”

“ಅಕ್ಕಾರ, ಗಡಿಗಿ ಒಯ್ಯಾಕ ಬಂದೀರೋ, ನಾಡಿ ಹಿಡಿಯಾಕ ಬಂದೀರೋ?”

“ಸಾಯೂದಕ್ಕ ಯಾಂವ ಪೂರಾ ರೊಕ್ಕಾ ಕೊಡ್ತಾನ? ಅರ್ಧಾ ತಗೋ, ಕಾಳು ಹಾಕಿ ಇಡ್ತೇನಿ.”

ನಾನು ಅವಳ ಸೆರಗು ಹಿಡಿದು ನಿಂತು, ಆ ಎರಡು ಸಪ್ಪಳಗಳನ್ನು ಅಕ್ಷರಕ್ಕಿಂತ ಮೊದಲು ಕಲಿತೆ.

ಅಪ್ಪನಿಗೆ ಒಂದು ಹುಚ್ಚು ಇತ್ತು. ಕಟ್ಟಿಗೆಯನ್ನು ಉರುಟಾಗಿ ಕಡೆಯುವ ಲೇಥ್ ಬೇಕು. ತೊಟ್ಟಿಲ ಕಾಲು, ಮಂಚದ ಕಾಲು, ಲಟ್ಟಣಿಗೆ, ಬುಗುರಿ, ಎಲ್ಲವನ್ನೂ ಕೈಯಿಂದ ಕೆತ್ತಿ ಕೆತ್ತಿ ಅವನಿಗೆ ಸಾಕಾಗಿತ್ತು. ಕೊಳ್ಳುವ ಮಾತು ದೂರ. ಧಾರವಾಡದಲ್ಲಿ ಒಬ್ಬರ ಅಂಗಡಿಯಲ್ಲಿ ಅಂಥದ್ದೊಂದು ಇದೆ ಎಂದು ಕೇಳಿ ಬಸ್ಸು ಹತ್ತಿದ. ಗಿರಾಕಿಯ ಹಾಗೆ ಮಂಚದ ಬೆಲೆ ಕೇಳುತ್ತ, ಅವರು ಒಳಗೆ ಹೋದಾಗಲೆಲ್ಲ ಸೊಂಟದ ಉಡದಾರ ಬಿಚ್ಚಿ ಯಂತ್ರಕ್ಕೆ ಹಿಡಿದು ಒಂದೊಂದು ಗಂಟು ಹಾಕಿಕೊಂಡ. ಮನೆಗೆ ಬಂದವನು ಧೋತರ ಸಡಿಲಿಸಿ ಉಡದಾರ ಹೊರಗೆಳೆದಾಗ ಅವ್ವ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು.

“ಯಂತ್ರಾ ಎಲ್ಲೈತ್ರಿ?”

“ನಡದಾಗ ಕಟ್ಕೊಂಡ ಬಂದೇನಿ ನೋಡ.”

ಆ ಗಂಟುಗಳನ್ನು ಅಳತೆ ಹಿಡಿದು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಇಡೀ ಯಂತ್ರವನ್ನು ಅದು ಇರಬೇಕಾದಷ್ಟೇ ದೊಡ್ಡದಾಗಿ ಬರೆದ. ತಪ್ಪಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದ. ತಿದ್ದಿ ಮುಗಿದ ಗೆರೆಗಳ ಮೇಲೆ ಕೆಮ್ಮಣ್ಣು ಎಳೆದ. ಕಾಗದದ ಮೇಲೆ ಸಣ್ಣದಾಗಿ ಬರೆಯುವವರು ಮೋಸ ಹೋಗುತ್ತಾರೆ ಎಂದು ಇಂದಿಗೂ ನನ್ನ ಮತ. ನನ್ನ ವರ್ಕ್‌ಶಾಪಿನಲ್ಲಿ ಕಂಪ್ಯೂಟರಿನ ನಕ್ಷೆ ಬಂದರೂ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರಾ ಗಾತ್ರ ಬರೆಸುತ್ತೇನೆ. ಆಗ ಮೊಣಕೈ ಎಲ್ಲಿ ತಾಗುತ್ತದೆ, ಮೊಣಕಾಲು ಎಲ್ಲಿ ಬರುತ್ತದೆ, ನಿಂತು ನೋಡಬಹುದು. ಅಪ್ಪನೂ ಗೋಡೆಯ ಮುಂದೆ ನಿಂತು ಇಲ್ಲದ ಯಂತ್ರವನ್ನು ತುಳಿದು ನೋಡುತ್ತಿದ್ದ. ಬೀದಿಯ ಜನ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. ನಗಲಿ ಬಿಡಿ. ಯಂತ್ರದ ಬುಡಕ್ಕೆ ಹಳೆಯ ಬಾಗಿಲ ಚೌಕಟ್ಟು ಬಂತು. ಅಚ್ಚಿಗೆ ಮುರಿದ ಎತ್ತಿನ ಚಕ್ಕಡಿಯ ಅಚ್ಚು, ಅದು ತಿರುಗಲು ಅದೇ ಚಕ್ಕಡಿಯ ಗಾಲಿಯೊಳಗಿನ ಕಬ್ಬಿಣದ ಬಳೆ. ಉಳಿಗಳನ್ನು ಸವೆದ ಅರಗಳಿಂದ ಬಡಿದು ಮಾಡಿದ. ಬಾವಿಯ ಹಳೆಯ ತೊಗಲಿನ ಮಿಣಿಯೇ, ಅಂದರೆ ಹಗ್ಗವೇ, ಯಂತ್ರ ತಿರುಗಿಸುವ ಪಟ್ಟಾ ಆಯಿತು. ಉಳಿದದ್ದು ಒಂದೇ. ಕಾಲಿನಿಂದ ತುಳಿದಾಗ ಓಟ ನಿಲ್ಲದ ಹಾಗೆ ತಿರುಗುವ ಭಾರವಾದ ಗಾಲಿ.

ಅದು ಪಡಸಾಲೆಯ ಮೂಲೆಯಲ್ಲೇ ಇತ್ತು. ಆಯಿಯ ಬೀಸುಕಲ್ಲು. ಮೇಲಿನ ಕಲ್ಲಿಗೆ ನಡುವೆ ತೂತು, ಅಂಚಿನಲ್ಲಿ ಗೂಟ ಸಿಕ್ಕಿಸುವ ಇನ್ನೊಂದು ತೂತು. ನಡುವಿನ ತೂತಿಗೆ ಅಚ್ಚು, ಅಂಚಿನ ತೂತಿಗೆ ತುಳಿಯುವ ಹಲಗೆಯ ಕೋಲು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮದುಮಗಳನ್ನು ನೋಡಿದ ಹಾಗೆ ನೋಡಿದ. ಆಯಿ ಆಗ ಮನೆಯಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಮನೋಳಿಗೆ ಹೋಗಿದ್ದಳು.

“ಅತ್ತಿ ಬಂದ ಮ್ಯಾಲೆ ಕೇಳಿ ತಗೋರಿ,” ಅಂದಳು ಅವ್ವ.

“ಗಿರಣಿ ಬಂದೈತಿ. ಇನ್ನ ಯಾರ ಬೀಸ್ತಾರ? ಆಕಿ ಕಲ್ಲು ಮಗನ ಕೆಲಸಕ್ಕ ಬಂದ್ರ ಆಕಿಗೆ ಹಿಗ್ಗೇ ಆಗ್ತದ.”

ಆಯಿ ಮನೋಳಿಯಿಂದ ಬಂದ ದಿನ ಯಂತ್ರ ನಿಂತಿತ್ತು, ಅರಿಶಿನ ಕುಂಕುಮ ಬಿದ್ದಿತ್ತು, ಮೊದಲ ಲಟ್ಟಣಿಗೆ ಕಡೆದಾಗಿತ್ತು. ಅಪ್ಪ ಅವಳನ್ನು ಕೈ ಹಿಡಿದು ಕರೆತಂದು ತುಳಿದು ತೋರಿಸಿದ. ಕಲ್ಲು ಗುಂಯ್ ಎಂದು ತಿರುಗಿತು. ಆಯಿ ಬಾಗಿಲಲ್ಲೇ ನಿಂತು ನೋಡಿದಳು. ‘ಭಾರಿ ಆಗೇತೆಪಾ’ ಅಂದಳು. ಅಪ್ಪ ಹಿತ್ತಲಿಗೆ ಹೋದ ಮೇಲೆ ಕಲ್ಲಿನ ಹತ್ತಿರ ಬಂದು, ಅದನ್ನು ಕೈಯಿಂದ ತಿರುಗಿಸಿ ಗೂಟದ ತೂತನ್ನು ಮೇಲಕ್ಕೆ ತಂದು, ಬೆರಳಿನ ಗಣ್ಣಿನಿಂದ ಬಡಿದಳು.

ದಬ್.

ನಾನು ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದೆ. ಬುದ್ಧಿವಂತಿಕೆ ತೋರಿಸುವ ಆಸೆ.

“ಆಯಿ, ಒಡದ ಗಡಿಗಿ ಸಪ್ಪಳ ಬಂತಲ್ಲ!”

ಆಕೆ ನನ್ನ ಬಾಯಿಯ ಮೇಲೆ ಹೊಡೆದಳು. ಅದಕ್ಕೂ ಮೊದಲು ಆಕೆ ನನ್ನನ್ನು ಹೊಡೆದದ್ದಿಲ್ಲ, ಆಮೇಲೂ ಇಲ್ಲ. ರಟ್ಟೆ ಹಿಡಿದು ದೇವರ ಜಗಲಿಯ ಮುಂದೆ ಎಳೆದೊಯ್ದು, ನಾಲಿಗೆಯ ಮೇಲೆ ವಿಭೂತಿ ಹಚ್ಚಿದಳು.

“ಛೊಲೊ ಆಗ್ಲಿ ಅನ್ನು.”

“ಛೊಲೊ ಆಗ್ಲಿ.”

“ಇನ್ನೊಮ್ಮಿ ಅನ್ನು. ಗಟ್ಟಿ ಅನ್ನು.”

ಕಲ್ಲಿನ ಸೀಳು ಆಕೆಗೆ ಹೊಸದಲ್ಲ. ಹಿಂದೊಮ್ಮೆ ಕಲ್ಲುಕುಟಿಗ ಬಂದು ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹೊಡೆದು ಹೋದಾಗಿನಿಂದ ಗೂಟದ ತೂತಿನಿಂದ ನಡುವಿನ ತೂತಿನವರೆಗೆ ಒಂದು ಎಳೆ ಬಿಟ್ಟಿತ್ತು. ಬೀಸುವವಳ ಅಂಗೈಗೆ ಅದು ಗೊತ್ತಾಗುತ್ತದೆ. ಬೀಸುವ ಓಟಕ್ಕೆ ಅದರಿಂದ ಏನೂ ಕೆಡುಕಿರಲಿಲ್ಲ. ಮನೋಳಿಗೆ ಹೋಗುವ ಮೊದಲು ಅಪ್ಪ ಕೇಳಿದ್ದರೆ ‘ಈ ಕಲ್ಲು ಬ್ಯಾಡ’ ಅನ್ನುತ್ತಿದ್ದಳು. ಈಗ ಕುಂಕುಮ ಬಿದ್ದಿತ್ತು.

ನಾನು ಸುಮ್ಮನಿರಲಿಲ್ಲ. ಮರುದಿನ ಅಪ್ಪನ ಪಕ್ಕದಲ್ಲಿ ಕುಳಿತು ಹೊಟ್ಟು ಗುಡಿಸುತ್ತ ಹೇಳಿಯೇಬಿಟ್ಟೆ, ಕಲ್ಲು ದಬ್ ಅನ್ನುತ್ತದೆ ಎಂದು. ಅವನು ತುಳಿಯುವುದನ್ನು ನಿಲ್ಲಿಸಲಿಲ್ಲ.

“ಆಯಿ ಏನರ ಅಂದಾಳೇನು?”

“ಇಲ್ಲ.”

“ಮತ್ತ? ಜನ್ಮಾ ಪೂರ್ತಿ ಆ ಕಲ್ಲ ತಿರಿವ್ಯಾಳ ಆಕಿ. ಏನರ ಇದ್ದಿದ್ರ ಆಕಿ ಹೇಳ್ತಿರಲಿಲ್ಲೇನು ಹುಚ್ಚಿ?”

ಆ ಮಾತನ್ನು ನಾನು ಎಷ್ಟೋ ಸಲ ತಿರುವಿ ನೋಡಿದ್ದೇನೆ. ಒಬ್ಬರ ಮೌನವನ್ನು ಇನ್ನೊಬ್ಬರು ಭರವಸೆ ಎಂದು ಕೊಂಡುಕೊಳ್ಳುವುದು. ಪೇಟೆಯಲ್ಲಿ ಜನ ಮುಳುಗುವುದು ಬಹುತೇಕ ಹೀಗೆಯೇ.

ಕಾಲಿನಿಂದ ತುಳಿದಷ್ಟು ಕಾಲ ಕಲ್ಲು ಯಾರಿಗೂ ಏನೂ ಮಾಡಲಿಲ್ಲ. ಸವದತ್ತಿಯಿಂದ, ಕಿತ್ತೂರಿನಿಂದ ತೊಟ್ಟಿಲ ಕಾಲಿಗೆ ಹೇಳಿ ಹೋಗುವವರು ಬಂದರು. ನಕ್ಕವರೇ ಮಂಚಕ್ಕೆ ಹೇಳಿದರು. ಪಡಸಾಲೆಯ ತುಂಬ ಕಟ್ಟಿಗೆಯ ಸುರುಳಿ, ಅದರ ಮೇಲೆ ತಮ್ಮನ ಅಂಬೆಗಾಲು, ಗೂಡಿನಿಂದ ಅವ್ವನ ಕೈ. ಸಂಜೆಯಾಗುವಷ್ಟರಲ್ಲಿ ಅಪ್ಪನ ಮೀನಖಂಡ ಗಂಟು ಕಟ್ಟುತ್ತಿತ್ತು. ಅವ್ವ ಎಣ್ಣೆ ತಿಕ್ಕುತ್ತ ‘ಒಂದ ಇಂಜಿನ್ನ ತಗೋರಿ’ ಅಂದಳು. ಅವಳು ಒಳ್ಳೆಯದಕ್ಕೇ ಅಂದದ್ದು.

ಇಂಜಿನ್ನು ಸಿಕ್ಕಿದ್ದು ಸುರೇಬಾನದಲ್ಲಿ. ಕಬ್ಬಿಗೆ ನೀರು ಎತ್ತುತ್ತಿದ್ದ ಡೀಸೆಲ್ ಇಂಜಿನ್ನು. ಅವರ ಹೊಲಕ್ಕೆ ಕರೆಂಟು ಬಂದು ಅದು ಗುಡಿಸಲಲ್ಲಿ ಬಿದ್ದಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಅವನಿಗೆ ಚೌಕಾಸಿ ಬರುತ್ತಿರಲಿಲ್ಲ. ಒಳ್ಳೆಯ ಸಾಮಾನು ಕಂಡರೆ ಮಾರುವವನ ಎದುರೇ ಹೊಗಳುತ್ತಿದ್ದ. ಈ ತಪ್ಪು ಮಾತ್ರ ಮಾಡಬೇಡಿ.

“ಕುದರಿ ಇದ್ದಂಗ ಐತ್ರಿ ಇದು,” ಅಂದ ಹೊಲದ ಯಜಮಾನ.

“ಹೌದ ನೋಡ್ರಿ, ಭಾರಿ ಐತಿ,” ಅಂದ ಅಪ್ಪ.

“ಕುದರಿ ಮೂಗಿನ್ಯಾಗಿಂದ ಎಣ್ಣಿ ಸೋರಾಕ್ಹತ್ತೇತಲ್ಲ?” ಅಂದೆ ನಾನು.

ಯಜಮಾನ ಹೊಟ್ಟೆ ಹಿಡಿದು ನಕ್ಕ. ‘ಏ ಬಸಪ್ಪಾ, ನೀ ಸುಮ್ಮನಿರಪಾ, ನಾ ಈಕಿ ಜೋಡಿನ ವ್ಯಾಪಾರ ಮಾಡ್ತೇನಿ’ ಅಂದು ಬೆಲೆ ಇಳಿಸಿದ. ನನ್ನ ಜೀವನದ ಮೊದಲ ವ್ಯವಹಾರ ಅದು. ವಾಪಸು ಬರುವಾಗ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಇಂಜಿನ್ನಿನ ಪಕ್ಕ ರಾಣಿಯ ಹಾಗೆ ಕುಳಿತು ಬಂದೆ.

ಮನೆಯ ಮುಂದೆ ಅದನ್ನು ಇಳಿಸಿದಾಗ ಆಯಿ ಕಟ್ಟೆಯ ಮೇಲಿದ್ದಳು.

“ಇದನ್ಯಾಕ ತಂದ್ಯೋ ಬಸು?”

“ಇನ್ನ ತುಳಿಯೂದಿಲ್ಲಬೇ. ಕಲ್ಲಿಗೆ ಇದನ್ನ ಕಟ್ತೇನಿ.”

“ಎಷ್ಟ ಜೋರ ತಿರಗತೈತಿ?”

ಅಪ್ಪ ತೋರುಬೆರಳನ್ನು ಗಾಳಿಯಲ್ಲಿ ಗಿರಗಿರನೆ ತಿರುಗಿಸಿ ತೋರಿಸಿದ. ಆಯಿ ಆ ಬೆರಳನ್ನೇ ನೋಡುತ್ತ ಕುಳಿತಳು. ಆ ಸಂಜೆಯಿಂದ ಮನೆ ಅಲುಗತೊಡಗಿತು.

ಮೊದಲು ಹೋದದ್ದು ತೊಟ್ಟಿಲು. ತೊಲೆಯ ಕೆಳಗೆ ಕೂಸನ್ನು ಮಲಗಿಸಬಾರದು ಎಂದು ಯಾರೋ ಅಯ್ಯನವರು ಹೇಳಿದರಂತೆ. ಆಯಿ ಹಗ್ಗ ಬಿಚ್ಚಿ ಅದನ್ನು ದೇವರ ಕೋಣೆಗೆ ಒಯ್ದಳು. ಆಮೇಲೆ ಆಕಳು. ಅದರ ಮುಖ ಮೂಡಲಿಗೆ ಇರಬೇಕಂತೆ, ಹಿತ್ತಲಿಗೆ ಹೋಯಿತು. ನನ್ನ ಹಾಸಿಗೆ ಗೋಡೆಯ ಬುಡದಿಂದ ಎದ್ದು ಬೇರೆ ಮೂಲೆಗೆ ಬಂತು. ಪ್ರತಿಯೊಂದಕ್ಕೂ ಒಂದು ಶಾಸ್ತ್ರ. ಅಪ್ಪ ಇಂಜಿನ್ನಿಗೆ ಕಲ್ಲಿನ ಕಟ್ಟೆ ಕಟ್ಟುತ್ತ, ‘ನಮ್ಮವ್ವಗ ವಾಸ್ತು ಹಿಡದೈತಿ’ ಎಂದು ನಗುತ್ತಿದ್ದ. ಒಂದು ದಿನ ಅವ್ವ ನೀರಿಗೆ ಹೋಗಿ ಬರುವಷ್ಟರಲ್ಲಿ ಆಯಿ ಗುದ್ದಲಿ ಹಿಡಿದು ಒಲೆಯನ್ನೇ ಅಗೆದು ಹಾಕಿದ್ದಳು. ಬಚ್ಚಲಿನ ಬದಿಯ ಕತ್ತಲ ಮೂಲೆಯಲ್ಲಿ ಹಸಿ ಮಣ್ಣಿನ ಹೊಸ ಒಲೆ ಕಟ್ಟುತ್ತ, ಮೊಣಕೈವರೆಗೆ ಕೆಸರಾಗಿ ಕುಳಿತಿದ್ದಳು. ಅವ್ವ ಕೊಡವನ್ನು ಇಳಿಸಲೂ ಇಲ್ಲ.

“ಏನ್ರಿ ಅತ್ತಿ ಇದು?”

“ಆ ಜಾಗ ಬ್ಯಾಡ ಶಾಂತಾ.”

“ಯಾಕ ಬ್ಯಾಡ? ಮದಿವ್ಯಾಗಿ ಬಂದಾಗಿಂದ ಅಲ್ಲೇ ರೊಟ್ಟಿ ಬಡದೇನಿ. ಈ ಕತ್ತಲ್ಯಾಗ ಹೊಗಿ ಎಲ್ಲಿಗೆ ಹೋಗ್ಬೇಕು? ನನ್ನ ಕಣ್ಣ ಹೋಗ್ಲಿ ಅಂತೀರೇನು?”

“ಕಣ್ಣ ಹೋಗೂದಿಲ್ಲ. ಹಂಗ ಅನಬ್ಯಾಡ.”

“ಅಂತೇನಿ! ಏನ ತಪ್ಪ ಮಾಡೇನಿ ಹೇಳ್ರಿ. ಮನಿ ಬಿಟ್ಟ ಹೋಗಂದ್ರ ಬಾಯಿ ಬಿಟ್ಟ ಹೇಳ್ರಿ!”

ಆಯಿ ತಲೆ ಎತ್ತದೆ ಮಣ್ಣು ಮೆತ್ತಿದಳು. ಅವತ್ತಿನಿಂದ ನಮ್ಮ ಊಟ ಹೊಗೆಯಲ್ಲಿ ನಡೆಯಿತು. ಗೂಡಿನಿಂದ ಕೈ ಬರುವುದು ನಿಂತಿತು. ಅವ್ವ ಕೆಮ್ಮುತ್ತ, ರೊಟ್ಟಿಯನ್ನು ತಟ್ಟೆಗೆ ಎಸೆದ ಹಾಗೆ ಹಾಕುತ್ತಿದ್ದಳು. ಹಳೆಯ ಒಲೆಯ ಜಾಗದಲ್ಲಿ ಬೂದಿಯ ಗುರುತು ಹಾಗೇ ಉಳಿದಿತ್ತು. ಗೋಡೆಯ ಆ ಭಾಗಕ್ಕೆ ಆಯಿ ಜೋಳದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದಳು. ಇಲಿ ಕಾಟಕ್ಕೆ ಎಂದಳು. ಇಲಿಗಳಿದ್ದದ್ದು ಬೇರೆ ಕಡೆ. ಅವ್ವ ಹಟಕ್ಕೆ ಬಿದ್ದು ಅವನ್ನು ಮರಳಿ ಅಟ್ಟಕ್ಕೆ ಏರಿಸಿದಳು. ನನಗೆ ಆ ದಿನಗಳಲ್ಲಿ ಮನೆಯೊಳಗೆ ನಡೆಯಲು ಭಯವಾಗುತ್ತಿತ್ತು. ಪಡಸಾಲೆಯ ನಡುವೆ ಬಾಗಿಲಿನಿಂದ ಗೋಡೆಯವರೆಗೆ ಒಂದು ಉದ್ದನೆಯ ಬರಿದು ಜಾಗ ಆಗಿಬಿಟ್ಟಿತ್ತು. ಅದರ ಒಂದು ತುದಿಗೆ ಕಲ್ಲಿನ ಗಾಲಿ. ಆ ಬರಿದು ಜಾಗದಲ್ಲಿ ಉಳಿದವನು ಅಪ್ಪ ಒಬ್ಬನೇ.

ಅವನನ್ನು ಸರಿಸಲೂ ಆಕೆ ನೋಡಿದಳು.

“ಬಸು, ತೆಂಕಣಕ್ಕ ಮುಖ ಮಾಡಿ ನಿಂದ್ರಬಾರದಪಾ. ಯಂತ್ರಾ ಹೊರಳಸು.”

“ಗ್ವಾಡಿ ಮ್ಯಾಲಿನ ಚಿತ್ರಾ ನೋಡಬೇ. ಇದನ್ನ ಹೊರಳಿಸಿದ್ರ ಇಂಜಿನ್ನಿನ ಪಟ್ಟಾ ಎಲ್ಲಿಗೆ ಹೋಗಬೇಕು?”

“ಹಂಗಾರ ಕಲ್ಲ ತಗದು ಕಬ್ಬಿಣದ್ದ ಹಾಕು.”

“ಕಲ್ಲಿಗೇನಾಗೇತಿ?”

ಆಯಿಯ ತುಟಿ ಅಲುಗಿತು. ನಾನು ನೋಡಿದೆ. ಅಷ್ಟರಲ್ಲಿ ಕಲ್ಲಿನ ಮೇಲಿನ ಕುಂಕುಮ ಆಕೆಯ ಕಣ್ಣಿಗೆ ಬಿತ್ತು.

“ಏನೂ ಇಲ್ಲ. ಛೊಲೊ ಐತಿ,” ಅಂದಳು.

ಮಹಾನವಮಿಯ ಆಯುಧ ಪೂಜೆಯನ್ನು ಆಯಿ ತಾನೇ ಮುಂದೆ ನಿಂತು ಮಾಡಿದಳು. ಉಳಿ, ಬಾಚಿ, ಗರಗಸ ಎಲ್ಲಕ್ಕೂ ವಿಭೂತಿ ಎಳೆದಳು. ಕಲ್ಲಿಗೆ ಮಾತ್ರ ಎಳೆದಳು, ಒರೆಸಿದಳು, ಮತ್ತೆ ಎಳೆದಳು. ಮರುದಿನ ದಸರೆ, ಹೊಸದನ್ನು ಸುರು ಮಾಡಲು ಒಳ್ಳೆಯ ದಿನ. ಬೆಳಗ್ಗೆ ಅಪ್ಪ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟ. ಆಯಿ ಅವ್ವನಿಗೆ ಚೊಂಬು ಕೊಟ್ಟು, ಓಣಿಯ ತುದಿಯ ಮನೆಯಿಂದ ಮಜ್ಜಿಗೆ ತಾ ಅಂದಳು.

“ರೊಟ್ಟಿ ಬಡಿಯೂ ಹೊತ್ತಿನ್ಯಾಗ ಮಜ್ಜಿಗಿ ಯಾಕ್ರಿ?”

“ಕೂಸಿನ್ನೂ ಕರಕೊಂಡ ಹೋಗು. ನೀಲವ್ವನ್ನೂ. ಹೋಗಿ ಬಾ ಅಂದೆ.”

ನೀಲವ್ವ ಅಂದರೆ ನಾನು. ಅವ್ವ ಗೊಣಗುತ್ತ ತಮ್ಮನನ್ನು ಟೊಂಕಕ್ಕೆ ಎತ್ತಿಕೊಂಡಳು. ನಾನು ಹಿಂತಿರುಗಿ ನೋಡಿದಾಗ ಆಯಿ ಪಡಸಾಲೆಯ ಬಾಗಿಲಲ್ಲಿ ನಿಂತು ಅಪ್ಪನ ತೋಳು ಹಿಡಿದಿದ್ದಳು. ‘ಮೊದಲ ನನ್ನ ಜೋಡಿ ಬನ್ನಿ ಗಿಡದ ತನಕಾ ಬಾ’ ಅನ್ನುತ್ತಿದ್ದಳು. ‘ನೀ ನಡಿ, ಒಂದ ಸಲಾ ಸುರು ಮಾಡಿ ಬಂದ ಬಿಡ್ತೇನಿ’ ಅಂದ ಅಪ್ಪ.

ಓಣಿಯ ಅರ್ಧ ದಾರಿಯಲ್ಲಿದ್ದಾಗ ಇಂಜಿನ್ನು ಸುರುವಾಯಿತು. ಢುಕ್ ಢುಕ್ ಢುಕ್. ಜನ ಮನೆಗಳಿಂದ ಹೊರಗೆ ಬಂದು ನಗುತ್ತ ಕೇಳಿದರು. ಅದರ ಮೇಲೆ ಕಲ್ಲಿನ ದನಿ ಎದ್ದಿತು. ನಸುಕಿನಲ್ಲಿ ಆಯಿ ಬೀಸುವಾಗ ನಾನು ಹಾಸಿಗೆಯಲ್ಲಿ ಕೇಳುತ್ತಿದ್ದ ಅದೇ ಗುಂಯ್ ದನಿ. ಆದರೆ ಇದು ಒಂದೇ ಮಟ್ಟದಲ್ಲಿ ನಿಲ್ಲಲಿಲ್ಲ. ಏರಿತು, ಇನ್ನೂ ಏರಿತು, ಕೊನೆಗೆ ದನಿ ಕಲ್ಲಿನದೋ ಗಾಳಿಯದೋ ತಿಳಿಯದ ಹಾಗೆ ಸಣ್ಣದಾಯಿತು. ಅವ್ವ ನಿಂತಳು. ಆಮೇಲೆ ಕೇಳಿದ್ದು ಸಿಡಿಲಲ್ಲ, ಏನೋ ದೊಡ್ಡ ಬಾಗಿಲನ್ನು ಒಮ್ಮೆ ಒದ್ದು ತೆಗೆದ ಸಪ್ಪಳ. ಇಂಜಿನ್ನು ಮಾತ್ರ ಏನೂ ಆಗದ ಹಾಗೆ ಢುಕ್ ಢುಕ್ ಅನ್ನುತ್ತಲೇ ಇತ್ತು.

ಪಡಸಾಲೆಯ ತುಂಬ ಮಣ್ಣಿನ ಧೂಳು. ಅಪ್ಪ ಗೋಡೆಯ ಬುಡದಲ್ಲಿ ಬಿದ್ದಿದ್ದ, ಬಿಳಿ ಅಂಗಿಯ ಮೇಲೆ ಒಂದು ಹನಿಯೂ ರಕ್ತವಿರಲಿಲ್ಲ. ಎಲ್ಲವೂ ಮೊಣಕಾಲಿನ ಕೆಳಗಿತ್ತು. ಆಯಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ‘ಛೊಲೊ ಆಗ್ಲಿ, ಛೊಲೊ ಆಗ್ಲಿ’ ಅನ್ನುತ್ತಿದ್ದಳು. ಗೋಡೆಯಲ್ಲಿ ರೊಟ್ಟಿ ಕೊಡುವ ಗೂಡು ಇದ್ದಲ್ಲಿ ಈಗ ಮನುಷ್ಯ ನುಸುಳುವಷ್ಟು ಕಂಡಿ. ಓಣಿಯವರು ಅಪ್ಪನನ್ನು ಜೀಪಿಗೆ ಹಾಕಿ ಬೆಳಗಾವಿಯ ದವಾಖಾನೆಗೆ ಒಯ್ದರು. ಜೀಪು ಹೋದ ಮೇಲೆ ಅವ್ವ ಅಡುಗೆ ಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಕಲ್ಲಿನ ಅರ್ಧ ಹೋಳು ಹಳೆಯ ಒಲೆಯ ಜಾಗದಲ್ಲಿ, ಬೂದಿಯ ಗುರುತಿನ ನಡುವೆ ನೆಲಕ್ಕೆ ನಾಟಿ ಕುಳಿತಿತ್ತು. ದಿನಾ ಆ ಹೊತ್ತಿಗೆ ಅವ್ವ ಮಂಡಿ ಮಡಚಿ ಕೂರುತ್ತಿದ್ದ ಜಾಗ. ಅವ್ವ ಅದನ್ನು ನೋಡಿದಳು. ತೊಟ್ಟಿಲು ಇದ್ದ ಜಾಗದ ಕಡೆ ನೋಡಿದಳು. ಆಕಳ ಜಾಗದ ಕಡೆ ನೋಡಿದಳು. ಆಯಿ ಬಾಗಿಲಲ್ಲಿ ಬಂದು ನಿಂತಿದ್ದಳು.

“ನಿಮಗ ಗೊತ್ತಿತ್ತು.”

ಆಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಗೊತ್ತಿತ್ತಲ್ರಿ ಅತ್ತಿ? ಮತ್ಯಾಕ ನುಡೀಲಿಲ್ಲ?”

“ನುಡದಿದ್ರ ಆಗ್ತಿತ್ತವಾ.”

“ನುಡೀಲಿಲ್ಲ. ಆಗ್ಲಿಲ್ಲೇನು?”

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಳಗೆ ಕುಳಿತಳು. ಅವ್ವ ಅಳಲಿಲ್ಲ, ಬಯ್ಯಲಿಲ್ಲ. ಹೊಸ ಒಲೆಯ ಮುಂದೆ, ಆ ಹೊಗೆಯ ಮೂಲೆಯಲ್ಲೇ ಕುಳಿತು ಹಿಟ್ಟು ನಾದತೊಡಗಿದಳು. ಆಮೇಲೆ ಯಾರು ಹೇಳಿದರೂ ಅವಳು ಒಲೆಯನ್ನು ಹಳೆಯ ಜಾಗಕ್ಕೆ ತರಲಿಲ್ಲ. ಆದರೆ ಅಂದಿನಿಂದ ಅವಳು ಮನೆಯಲ್ಲಿ ಎಲ್ಲ ಮಾತನ್ನೂ ಆಡತೊಡಗಿದಳು. ಬಳೆ ಒಡದುವು. ಜೋಳ ತೀರಿದುವು. ದೀಪಾ ಆರಿಸು. ಪ್ರತಿ ಮಾತಿಗೂ ಆಯಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಹೊಡೆತ ತಿನ್ನುವವರ ಹಾಗೆ. ಇಬ್ಬರಲ್ಲಿ ಯಾರ ಪರವಾಗಿ ನಿಲ್ಲಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಬ್ಬಳು ಮಾತಾಡದೆ ನಮ್ಮನ್ನು ಉಳಿಸಿದಳು. ಮಾತಾಡಿದ್ದರೆ ಅಪ್ಪನ ಕಾಲೂ ಉಳಿಯುತ್ತಿತ್ತು.

ಅಪ್ಪ ಊರಿಗೆ ಬಂದಾಗ ಎಡ ಮೊಣಕಾಲು ಮಡಚುತ್ತಿರಲಿಲ್ಲ. ದೀಪಾವಳಿಗೆ ಅವ್ವ ಗೋಡೆಗೆ ಸುಣ್ಣ ಬಳಿದಳು. ಕೆಮ್ಮಣ್ಣಿನ ಗೆರೆಗಳು ಒಂದು ವರ್ಷ ಸುಣ್ಣದ ಕೆಳಗಿನಿಂದ ಕಾಣುತ್ತಲೇ ಇದ್ದವು. ಎರಕದ ಗಾಲಿ ತಂದು ಯಂತ್ರವನ್ನು ಮತ್ತೆ ನಿಲ್ಲಿಸಿದ್ದು ಅವನೇ. ಈ ಸಲ ಗಾಲಿಯ ಸುತ್ತ ದಪ್ಪ ಹಲಗೆಯ ಗೂಡು ಕಟ್ಟಿದ. ಜೋಡಿಸುವ ಮೊದಲು ಪ್ರತಿ ತುಂಡನ್ನೂ ಆಯಿಯ ಮುಂದೆ ಇಟ್ಟು ಬಡಿಯಲು ಹೇಳುತ್ತಿದ್ದ. ಆಕೆ ಬಡಿಯುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅವನು ತುಂಡಿನ ಸಪ್ಪಳ ಕೇಳುವುದನ್ನು ಬಿಟ್ಟು ಆಕೆಯ ಮುಖ ನೋಡುವುದನ್ನು ಕಲಿತಿದ್ದ. ಆ ಲೇಥಿನ ಮೇಲೆ ನಾನು ಕೆಲಸ ಕಲಿತೆ. ಅದರಿಂದ ಸವದತ್ತಿ ರಸ್ತೆಯ ನನ್ನ ವರ್ಕ್‌ಶಾಪು ಹುಟ್ಟಿತು. ರೊಟ್ಟಿ ಒತ್ತುವ ಯಂತ್ರ, ಖಾರ ಕುಟ್ಟುವ ಯಂತ್ರ, ಎಲ್ಲವನ್ನೂ ನಾವೇ ಬರೆದು ನಾವೇ ಕಟ್ಟುತ್ತೇವೆ. ನೀವೂ ಕಟ್ಟುವವರಾದರೆ ಇಷ್ಟು ಕೇಳಿ: ತಿರುಗುವ ಯಾವುದಕ್ಕೂ ಕಲ್ಲು ಬೇಡ, ಗಾಲಿ ಬರಿದಾಗಿ ಇರಬಾರದು, ಅದರ ಓಟದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಮತ್ತೆ, ಸ್ವಿಚ್ಚು ಒತ್ತುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ಅದರ ಒಂದೊಂದು ಕೆಟ್ಟ ಮಾತು ಆಡಲೇಬೇಕು. ನನ್ನಲ್ಲಿ ಇದು ಕಡ್ಡಾಯ. ಹೊಸದಾಗಿ ಸೇರಿದವರು ಇದನ್ನು ನನ್ನ ಹುಚ್ಚು ಅನ್ನುತ್ತಾರೆ.

ಹೋದ ವಾರ ದನದ ಮೇವಿಗೆ ಜೋಳದ ಕಣಿಕೆ ಕತ್ತರಿಸುವ ಹೊಸ ಯಂತ್ರ ತಯಾರಾಯಿತು. ನಕ್ಷೆ ನನ್ನದೇ. ದೊಡ್ಡ ಗಾಲಿ, ಗಾಲಿಗೆ ಬ್ಲೇಡು. ಎಲ್ಲರನ್ನೂ ಸುತ್ತ ನಿಲ್ಲಿಸಿ ಕೇಳಿದೆ. ಒಬ್ಬ ಬಣ್ಣ ಛೊಲೊ ಇಲ್ಲ ಅಂದ. ಇನ್ನೊಬ್ಬ ಭಾರ ಜಾಸ್ತಿ ಅಂದ. ನನ್ನ ಸೊಸೆ ರೇಖಾ ಬಾಗಿಲ ಹತ್ತಿರ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಗಾಲಿಗೆ ಬ್ಲೇಡು ಕೂರಿಸುವಾಗ ಬೋಲ್ಟು ಬಿಗಿಯುವ ಕೆಲಸ ನೋಡಿಕೊಂಡವಳು ಅವಳೇ.

“ನೀ ಹೇಳವಾ ರೇಖಾ. ಏನರ ಐತೇನು?”

“ಏನಿಲ್ರಿ ಅತ್ತಿ. ಭಾರಿ ಆಗೇತಿ.”

ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆಗ ನನ್ನ ಕುರ್ಚಿ ಕಂಡಿತು. ಎಷ್ಟೋ ವರ್ಷದಿಂದ ಕಿಟಕಿಯ ಪಕ್ಕ ಒಂದೇ ಜಾಗದಲ್ಲಿರುವ ಕುರ್ಚಿ. ಅದು ಕಂಬದ ಹಿಂದೆ ಹೋಗಿತ್ತು. ಮೊಮ್ಮಗಳು ಆಡುವ ಚಾಪೆಯೂ ಕಂಬದ ಹಿಂದಿತ್ತು.

“ಕುರ್ಚಿ ಯಾರ ಸರಿಸ್ಯಾರು?”

“ನಾನರಿ ಅತ್ತಿ. ಬಿಸಲ ಬೀಳಾಕ್ಹತ್ತಿತ್ತು.”

ಹೊರಗೆ ಬೆಳಗಿನಿಂದ ಮೋಡ ಕವಿದಿತ್ತು. ನಾನು ಸ್ವಿಚ್ಚಿನಿಂದ ಕೈ ತೆಗೆದೆ. ಮೊಮ್ಮಗಳು ಕುಂಕುಮ ಹಚ್ಚಿದ ಗಾಲಿಯ ಕಡೆ ಬೆರಳು ತೋರಿಸಿ ಏನೋ ಅನ್ನಲು ಹೋದಳು. ರೇಖಾ ಕೂಸಿನ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟಳು. ನಾನು ಎಲ್ಲರನ್ನೂ ಹೊರಗೆ ಕಳಿಸಿ, ಅವಳ ಎದುರು ನೆಲದ ಮೇಲೆ ಕುಳಿತೆ.

“ಹೇಳವಾ. ನಾ ಬಯ್ಯೂದಿಲ್ಲ. ಬಾಯಿ ಬಿಟ್ಟ ಹೇಳ.”

ಅವಳು ವೇಲಿನ ತುದಿಯನ್ನು ತುಟಿಗೆ ಒತ್ತಿಕೊಂಡು ನಿಂತಳು. ಯಂತ್ರ ಹಾಗೇ ನಿಂತಿದೆ. ಕೊಳ್ಳುವವರು ಎರಡು ಸಲ ಬಂದು ಹೋದರು. ಅವಳು ಹೇಳುವವರೆಗೆ ನಾನು ಅದನ್ನು ಸುರು ಮಾಡುವುದಿಲ್ಲ.